ಹಿಮದ ನಾಡಿನ ಹಬ್ಬದೂಟ

ಹಬ್ಬವೆಂದರೆ ಊಟ, ಊಟವಿಲ್ಲದ ಹಬ್ಬವನ್ನು ನಾವು ಎಣಿಸಿಕೊಳ್ಳಲಾರೆವು. ಮದುವೆಯಾಗಲಿ, ನಾಮಕರಣವಾಗಲಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಸಂತೋಷವಾಗಲಿ, ಅದರ ನೆನಪು ಎಲೆಯ ಮೇಲೆ ಬಡಿಸಿದ ಪದಾರ್ಥಗಳ ರುಚಿಯೊಡನೆಯೇ ಮನಸ್ಸಿನಲ್ಲಿ ಉಳಿಯುತ್ತದೆ. ಕೆಲವು ದೇಶಗಳಲ್ಲಿ ಇಂಥ ವಿಶೇಷ ದಿನದಂದು ಪಟ್ಟಣವನ್ನೇ ಬಿಟ್ಟು, ನೂರಾರು ಮೈಲಿ ದೂರದ ಹಳ್ಳಿಗಾಡಿನ ಭೋಜನಶಾಲೆಯೊಂದಕ್ಕೆ ಪಯಣ ಹೋಗುವ ವಾಡಿಕೆಯುಂಟು. ಅಂಥ ಸ್ಥಳಗಳಲ್ಲಿ ಅತ್ಯಂತ ಹೆಸರಾಗಿದ್ದುದು ಸ್ವೀಡನ್ ದೇಶದ ಫೇವಿಕೆನ್.

ಫೇವಿಕೆನ್ ಇದ್ದುದು ಯೆಮ್ಟ್‌ಲ್ಯಾಂಡ್ ಎಂಬ ಬೆಟ್ಟದ ಸೀಮೆಯಲ್ಲಿ, ರಾಜಧಾನಿ ಸ್ಟಾಕ್‌ಹೋಮಿನಿಂದ ಉತ್ತರಕ್ಕೆ ಸುಮಾರು 600 ಕಿಲೋಮೀಟರು ದೂರದಲ್ಲಿ. ಸುತ್ತಲೂ ಕಾಡು, ಸರೋವರ, ಹುಲ್ಲುಗಾವಲು. ಹಳೆಯ ಮರದ ಕಣಜವೊಂದೇ ಭೋಜನಶಾಲೆ. ಮ್ಯಾಗ್ನಸ್ ನಿಲ್ಸನ್ ಎಂಬ ತರುಣ 2008ರಲ್ಲಿ ಅಲ್ಲಿಗೆ ಬಂದು, ಮುಂದೆ ಅದರ ಮುಖ್ಯ ಅಡಿಗೆಯವರಾದರು. ಕೊನೆಯ ವರ್ಷಗಳಲ್ಲಿಯೂ ಒಂದು ರಾತ್ರಿಗೆ 24 ಮಂದಿಗಿಂತ ಹೆಚ್ಚು ಅತಿಥಿಗಳಿಗೆ ಅಲ್ಲಿ ಎಡೆಯಿರಲಿಲ್ಲ. ಆದರೂ ಲೋಕದ ಮೂಲೆಮೂಲೆಗಳಿಂದ ಜನ ಬಂದರು. ಮಿಷೆಲಿನ್ ಕೈಪಿಡಿ 2016ರಲ್ಲಿ ಅದಕ್ಕೆ ಎರಡು ನಕ್ಷತ್ರಗಳ ಮನ್ನಣೆಯನ್ನಿತ್ತಿತು. 2019ರ ಡಿಸೆಂಬರಿನಲ್ಲಿ ನಿಲ್ಸನ್ ತಾವಾಗಿಯೇ ಅದನ್ನು ಮುಚ್ಚಿದರು. ಆದುದರಿಂದ ಇಂದು ನಾವು ಅಲ್ಲಿಗೆ ಕಲ್ಪನೆಯಲ್ಲಿ ಮಾತ್ರ ಹೋಗಬಲ್ಲೆವು. ಹೋಗಿ ನೋಡುವುದರಿಂದ ನಷ್ಟವೇನೂ ಇಲ್ಲ. ಕಲಿಯಬೇಕಾದ ಪಾಠವೊಂದು ಅಲ್ಲಿದೆ.

ನಾವು ಹೊರಡುವ ಕಾಲ ಡಿಸೆಂಬರಿನ ನಡುಭಾಗವೆಂದಿಟ್ಟುಕೊಳ್ಳೋಣ. ಆ ಸೀಮೆ ಸಮಭಾಜಕ ವೃತ್ತದಿಂದ ಉತ್ತರಕ್ಕೆ 63 ಡಿಗ್ರಿಗೂ ಮಿಕ್ಕಿದ ಅಕ್ಷಾಂಶದಲ್ಲಿದೆ. ಬೆಂಗಳೂರಿನಲ್ಲಿ ವರ್ಷದ ಅತಿ ಸಣ್ಣ ಹಗಲೂ ಹನ್ನೊಂದು ಗಂಟೆಗೆ ಮೇಲ್ಪಟ್ಟಿರುತ್ತದೆ. ಅಲ್ಲಿಯಾದರೋ ಸೂರ್ಯನು ನಾಲ್ಕೂವರೆ ಗಂಟೆಯ ಕಾಲ ದಿಗಂತದ ಅಂಚಿನಲ್ಲಿ ಮುಖ ತೋರಿಸಿ ಮರೆಯಾಗುತ್ತಾನೆ. ನೆಲದ ಮೇಲೆ ಹಿಮ. ಸರೋವರದ ಮೇಲೆ ಮಂಜುಗಡ್ಡೆ. ಹೊಲದಲ್ಲಿ ಹಸುರೆಂಬುದು ಇಲ್ಲ. ಹೀಗಿದ್ದರೂ ಒಳಗೆ ಕುಳಿತ ಅತಿಥಿಗಳಿಗೆ ಒಂದಾದ ಮೇಲೊಂದರಂತೆ ಬಗೆಬಗೆಯ ತಿನಿಸುಗಳು ಬರುತ್ತಿದ್ದುವು. ಅವುಗಳಲ್ಲಿ ಬಹುಪಾಲು ಆ ತೋಟ, ಆ ಕಾಡು, ಆ ನೆರೆಹೊರೆಯವೇ. ಹಿಮದ ನಡುವೆ ಈ ಸಮೃದ್ಧಿ ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಅಡಿಗೆಯ ಮನೆಯಲ್ಲಿಲ್ಲ. ನೆಲಮಾಳಿಗೆಯಲ್ಲಿಯೂ ಉಪ್ಪಿನ ಭರಣಿಯಲ್ಲಿಯೂ ಇದೆ.

ಆಹಾರವೇಕೆ ಕೆಡುತ್ತದೆ?

ಆಹಾರ ತಾನಾಗಿ ಕೆಡುವುದಿಲ್ಲ. ಅದನ್ನು ನಮಗಿಂತ ಮೊದಲೇ ಬೇರೆ ಯಾರೋ ತಿನ್ನತೊಡಗುತ್ತಾರೆ. ಗಾಳಿಯಲ್ಲಿ, ನೀರಿನಲ್ಲಿ, ಮಣ್ಣಿನಲ್ಲಿ, ನಮ್ಮ ಕೈಗಳ ಮೇಲೆ, ಎಲ್ಲೆಲ್ಲಿಯೂ ಬ್ಯಾಕ್ಟೀರಿಯ, ಬೂಷ್ಟು ಮೊದಲಾದ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ. ಇವಲ್ಲದೆ ಕಾಯಿಪಲ್ಯ ಮಾಂಸಗಳೊಳಗೆಯೇ ಕಿಣ್ವಗಳೆಂಬ ವಸ್ತುಗಳಿವೆ. ಕೊಯ್ದ ಮೇಲೂ ಅವು ತಮ್ಮ ಕೆಲಸವನ್ನು ನಿಲ್ಲಿಸುವುದಿಲ್ಲ.

ಸೂಕ್ಷ್ಮಜೀವಿ ಬೆಳೆಯಬೇಕಾದರೆ ಅದಕ್ಕೆ ಹದವಾದ ಶಾಖ ಬೇಕು, ಬಳಸಲು ನೀರು ಬೇಕು, ಹುಳಿ ಹೆಚ್ಚಿಲ್ಲದ ನೆಲೆ ಬೇಕು. ಇವುಗಳಲ್ಲಿ ಒಂದನ್ನು ಕಸಿದುಕೊಂಡರೆ ಅದರ ಬೆಳವಣಿಗೆ ಕುಂಠಿತವಾಗುತ್ತದೆ; ಎರಡನ್ನು ಕಸಿದುಕೊಂಡರೆ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಲೋಕದ ಅಜ್ಜಿಯರೆಲ್ಲ ಕಂಡುಕೊಂಡ ಆಹಾರ ರಕ್ಷಣೆಯ ಉಪಾಯಗಳು ನೂರಾರು ಇರಬಹುದು. ಮೂಲದಲ್ಲಿ ಅವು ಈ ಕೆಲವೇ ತತ್ತ್ವಗಳ ನಾನಾ ವೇಷಗಳು.

ನೆಲದೊಳಗಿನ ಉಗ್ರಾಣ

ಮೊದಲು ಶಾಖವನ್ನು ತೆಗೆದುಕೊಳ್ಳೋಣ. ಹಿಮದ ನಾಡಿನಲ್ಲಿ ಚಳಿಗೇನು ಬರವೆಂದು ಓದುಗರು ಕೇಳಬಹುದು. ತೊಂದರೆಯಿರುವುದು ಅದರ ಅತಿರೇಕದಲ್ಲಿ. ಕ್ಯಾರೆಟ್ಟನ್ನೋ ಆಲೂಗೆಡ್ಡೆಯನ್ನೋ ಹೊರಗೆ ಬಿಟ್ಟರೆ ಅದರ ಜೀವಕೋಶಗಳೊಳಗಿನ ನೀರು ಗಡ್ಡೆಕಟ್ಟಿ ಕೋಶದ ಗೋಡೆಗಳು ಸೀಳುತ್ತವೆ. ಕರಗಿದಾಗ ಉಳಿಯುವುದು ಮೆತ್ತನೆಯ ಮುದ್ದೆ. ಬೇಕಾದುದು ಹೆಪ್ಪುಗಟ್ಟದಷ್ಟು ಬೆಚ್ಚಗೆ, ಕೊಳೆಯದಷ್ಟು ತಣ್ಣಗೆ ಇರುವ ಸ್ಥಳ. ಅಂಥ ಸ್ಥಳವನ್ನು ನೆಲವೇ ಒದಗಿಸುತ್ತದೆ.

ಮಣ್ಣು ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಬೇಸಗೆಯ ಬಿಸಿಯಾಗಲಿ ಚಳಿಗಾಲದ ಕೊರೆತವಾಗಲಿ ಮೇಲಿನಿಂದ ಕೆಳಗಿಳಿಯುತ್ತ ಇಳಿಯುತ್ತ ಕ್ಷೀಣವಾಗುತ್ತದೆ. ಸಾಮಾನ್ಯ ಮಣ್ಣಿನಲ್ಲಿ ಸುಮಾರು ಎರಡು ಮೀಟರು ಆಳಕ್ಕೆ ಹೋದರೆ ವರ್ಷದ ಉಷ್ಣತೆಯ ಏರಿಳಿತ ಮೇಲ್ಮೈಯಲ್ಲಿದ್ದುದರ ಮೂರನೆಯ ಒಂದು ಭಾಗಕ್ಕೆ ಸಮೀಪಿಸುತ್ತದೆ. ಅದೂ ಎರಡು ತಿಂಗಳಷ್ಟು ತಡವಾಗಿ ಅಲ್ಲಿಗೆ ತಲಪುತ್ತದೆ. ಮೇಲೆ ಮಾಗಿಯ ಚಳಿ ಕೊರೆಯುತ್ತಿದ್ದಾಗ ಕೆಳಗಿನ ಮಣ್ಣು ಇನ್ನೂ ಶರತ್ಕಾಲವನ್ನು ನೆನೆಯುತ್ತಿರುತ್ತದೆ! ನೆಲದ ಮೇಲೆ ಬಿದ್ದ ಹಿಮವೂ ತನ್ನೊಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡು ಕಂಬಳಿಯಂತೆ ಕಾಪಾಡುತ್ತದೆ. ಆದುದರಿಂದ ಗುಡ್ಡದ ಪಕ್ಕದಲ್ಲಿ ತೋಡಿದ ನೆಲಮಾಳಿಗೆ ಚಳಿಗಾಲದುದ್ದಕ್ಕೂ ಸೊನ್ನೆಗಿಂತ ಕೆಲವೇ ಡಿಗ್ರಿ ಮೇಲೆ ನಿಲ್ಲುತ್ತದೆ. ಫೇವಿಕೆನ್ನಿನ ಗೆಡ್ಡೆಗೆಣಸುಗಳು ಶರತ್ಕಾಲದಿಂದ ವಸಂತದವರೆಗೆ ಇಂಥ ಮಾಳಿಗೆಯಲ್ಲಿ ಉಳಿಯುತ್ತಿದ್ದುವು.

ಅಲ್ಲಿರುವ ಗೆಡ್ಡೆಗಳು ಸತ್ತ ವಸ್ತುಗಳಲ್ಲ ಎಂಬುದನ್ನು ನೆನಪಿಡಬೇಕು. ಅವು ಉಸಿರಾಡುತ್ತವೆ, ಆಮ್ಲಜನಕವನ್ನು ಒಳಗೆ ತೆಗೆದುಕೊಂಡು, ಕೂಡಿಟ್ಟ ಸಕ್ಕರೆಯನ್ನು ವ್ಯಯಮಾಡಿ, ಇಂಗಾಲದ ಡೈ ಆಕ್ಸೈಡನ್ನು ಹೊರಕ್ಕೆ ಬಿಡುತ್ತವೆ. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಈ ಉಸಿರಾಟದ ವೇಗ ಅರ್ಧಕ್ಕೋ ಮೂರನೆಯ ಒಂದು ಭಾಗಕ್ಕೋ ಇಳಿಯುತ್ತದೆ. ತಣ್ಣಗಿದ್ದ ಗೆಡ್ಡೆ ತನ್ನ ಗಂಟನ್ನು ಜಿಪುಣನಂತೆ ಖರ್ಚುಮಾಡುತ್ತದೆ. ಚಳಿ ಹೆಚ್ಚಾದಂತೆ ಆಲೂಗೆಡ್ಡೆ ತನ್ನ ಪಿಷ್ಟದ ಒಂದಂಶವನ್ನು ಸಕ್ಕರೆಯಾಗಿಯೂ ಮಾರ್ಪಡಿಸುತ್ತದೆ. ಮಾಳಿಗೆಯಿಂದ ತೆಗೆದ ಗೆಡ್ಡೆಯ ಸಿಹಿ ಹಲವೊಮ್ಮೆ ಹೊಸದಾಗಿ ಕಿತ್ತ ಗೆಡ್ಡೆಯ ಸಿಹಿಗಿಂತ ಹೆಚ್ಚಾಗಿರುವುದು ಇಂಥ ಮಾರ್ಪಾಟಿನಿಂದಲೇ.

ನೆಲದೊಳಗಿನ ಉಗ್ರಾಣ ನಮಗೆ ಹೊಸದೇನೂ ಅಲ್ಲ. ಕರ್ನಾಟಕದ ಬಯಲುಸೀಮೆಯಲ್ಲಿ ಜೋಳ ರಾಗಿಗಳನ್ನು ತುಂಬಿಡುತ್ತಿದ್ದ ಹಗೇವನ್ನು ಹಿರಿಯರು ಬಲ್ಲರು. ಮುಚ್ಚಿದ ಹಗೇವಿನಲ್ಲಿ ಕಾಳಿನ ಉಸಿರಾಟದಿಂದಲೇ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈ ಆಕ್ಸೈಡು ತುಂಬಿಕೊಳ್ಳುತ್ತದೆ, ಹುಳುಗಳು ಬದುಕಲಾರವು. ಮನುಷ್ಯನಿಗೂ ಅದೇ ಅಪಾಯ. ಹಗೇವನ್ನು ತೆರೆದ ಕೂಡಲೇ ಒಳಗಿಳಿದವರು ಉಸಿರುಗಟ್ಟಿ ಸತ್ತುದುಂಟು; ಬಾಯಿ ತೆರೆದು ಗಾಳಿಯಾಡಲು ಬಿಟ್ಟು ಅನಂತರವೇ ಇಳಿಯಬೇಕೆಂಬ ಕಟ್ಟಳೆ ಹುಟ್ಟಿದುದು ಇದರಿಂದಲೇ.

ಉಪ್ಪು ಮತ್ತು ಹುಳಿ

ಎಲೆ ಕೋಸಿನಂಥ ತರಕಾರಿ ಮಾಳಿಗೆಯಲ್ಲಿ ಗೆಡ್ಡೆಗಳಷ್ಟು ಕಾಲ ಬಾಳದು. ಅದಕ್ಕೆ ಬೇರೆ ದಾರಿ ಬೇಕು. ಉತ್ತರ ಯೂರೋಪಿನ ಗೃಹಿಣಿ ಕೋಸನ್ನು ಸಣ್ಣಗೆ ಹೆಚ್ಚಿ, ನೂರು ಪಾಲು ಕೋಸಿಗೆ ಎರಡು ಪಾಲಿಗಿಂತ ತುಸು ಹೆಚ್ಚು ಉಪ್ಪನ್ನು ಬೆರೆಸಿ, ಭರಣಿಯಲ್ಲಿ ಅದುಮಿ ಮುಚ್ಚಿಡುತ್ತಾಳೆ. ಉಪ್ಪು ಕೋಸಿನ ಕೋಶಗಳಿಂದ ನೀರನ್ನು ಹೊರಕ್ಕೆ ಎಳೆಯುತ್ತದೆ. ಆ ನೀರಿನೊಡನೆ ಸಕ್ಕರೆಯೂ ಹೊರಬರುತ್ತದೆ. ಕೋಸು ತನ್ನದೇ ಉಪ್ಪುನೀರಿನಲ್ಲಿ ಮುಳುಗಿ ಗಾಳಿಯಿಂದ ದೂರವಾಗುತ್ತದೆ.

ಇಲ್ಲಿಂದ ಮುಂದೆ ನಡೆಯುವುದು ರಾಜ್ಯಗಳ ಇತಿಹಾಸದಂತೆ ಸೊಗಸಾಗಿದೆ. ಉಪ್ಪನ್ನು ತಾಳಲಾರದ, ಕೊಳೆಯಿಸುವ ಬ್ಯಾಕ್ಟೀರಿಯಗಳು ಹಿಂಜರಿಯುತ್ತವೆ. ಉಪ್ಪನ್ನು ತಾಳಬಲ್ಲ ಲ್ಯೂಕೊನಾಸ್ಟಾಕ್ ಎಂಬ ಕುಲದವು ಮೊದಲು ತಲೆಯೆತ್ತಿ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹುಳಿ ಏರಿದಂತೆ ಅವು ತಾವೇ ಸೋತು, ಇನ್ನೂ ಹೆಚ್ಚಿನ ಹುಳಿಯನ್ನು ಸಹಿಸುವ ಲ್ಯಾಕ್ಟೊಬ್ಯಾಸಿಲಸ್ ಕುಲಕ್ಕೆ ಗಾದಿಯನ್ನು ಬಿಟ್ಟುಕೊಡುತ್ತವೆ. ಹುಳಿಯನ್ನು ಅಳೆಯುವ ಪಿಎಚ್ ಎಂಬ ಮಾನ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಕೊನೆಗೆ ಅದು 3.5ರ ಸುಮಾರಿಗೆ ಬಂದು ನಿಲ್ಲುತ್ತದೆ. ಮಾರಕವಾದ ವಿಷವನ್ನು ಉಂಟುಮಾಡುವ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಜೀವಿ 4.6ಕ್ಕಿಂತ ಕೆಳಗೆ ಬೆಳೆಯಲಾರದು. ಹೀಗೆ ಒಂದು ಬಗೆಯ ಸೂಕ್ಷ್ಮಜೀವಿಗಳನ್ನು ಕಾವಲಿಗಿಟ್ಟು ಇನ್ನೊಂದು ಬಗೆಯವುಗಳನ್ನು ಹೊರಗಿಡುವುದೇ ಈ ವಿದ್ಯೆಯ ಮರ್ಮ. ಹುಳಿಗೋಸಿನಲ್ಲಿ ಸಿ ಜೀವಸತ್ತ್ವವೂ ತಕ್ಕಮಟ್ಟಿಗೆ ಉಳಿಯುತ್ತದೆ. 1768ರಲ್ಲಿ ಸಮುದ್ರಯಾನಕ್ಕೆ ಹೊರಟ ಜೇಮ್ಸ್ ಕುಕ್ ತನ್ನ ನಾವಿಕರಿಗಾಗಿ ಇದನ್ನು ಹಡಗಿನಲ್ಲಿ ತುಂಬಿಕೊಂಡು ಹೋಗಿದ್ದನು.

ಸ್ವೀಡನ್ನಿನ ಕೋಸಿನಲ್ಲಿ ಮೊದಲು ತಲೆಯೆತ್ತುವ ಲ್ಯೂಕೊನಾಸ್ಟಾಕ್ ಕುಲವೇ ನಮ್ಮ ಮನೆಗಳಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟನ್ನು ಬೆಳಗಿನೊಳಗೆ ಹುದುಗಿಸಿ ಉಬ್ಬಿಸುತ್ತದೆ. ಮಲೆನಾಡಿಗರಿಗಂತೂ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ನಾಲ್ಕು ತಿಂಗಳ ಮಳೆಯಲ್ಲಿ ಹೊರಗೆ ಕಾಲಿಡಲಾಗದ ಕಾಲಕ್ಕೆಂದು ಅವರು ಅಪ್ಪೆಮಿಡಿಯನ್ನೂ ಹಲಸಿನ ಸೊಳೆಯನ್ನೂ ಉಪ್ಪಿನಲ್ಲಿ ಹಾಕಿಡುತ್ತಾರೆ. ಯೆಮ್ಟ್‌ಲ್ಯಾಂಡಿಗೆ ಹಿಮಗಾಲ ಹೇಗೋ ಮಲೆನಾಡಿಗೆ ಮಳೆಗಾಲ ಹಾಗೆ. ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿ ಹೇಳಬೇಕು: ಹಳೆಯ ಕ್ರಮಗಳಲ್ಲಿ ಉಪ್ಪಿನ ಅಳತೆ ರುಚಿಗೆ ಮಾತ್ರ ಇಟ್ಟುದಲ್ಲ. ಅದನ್ನು ಮನಬಂದಂತೆ ಇಳಿಸಿದರೆ ಕಾವಲುಗಾರನನ್ನು ಮನೆಗೆ ಕಳುಹಿಸಿ ಬಾಗಿಲನ್ನು ತೆರೆದಿಟ್ಟಂತೆಯೇ ಸರಿ.

ನೀರನ್ನು ಕಸಿದುಕೊಳ್ಳುವುದು

ಮೂರನೆಯ ಉಪಾಯ ಒಣಗಿಸುವುದು. ಇಲ್ಲಿ ಮುಖ್ಯವಾದುದು ಪದಾರ್ಥದಲ್ಲಿ ಎಷ್ಟು ನೀರಿದೆ ಎಂಬುದಲ್ಲ, ಸೂಕ್ಷ್ಮಜೀವಿಯ ಬಳಕೆಗೆ ಎಷ್ಟು ಸಿಕ್ಕುತ್ತದೆ ಎಂಬುದು. ವಿಜ್ಞಾನಿಗಳು ಇದನ್ನು ಸೊನ್ನೆಯಿಂದ ಒಂದರವರೆಗಿನ ಅಂಕಿಯಲ್ಲಿ ಅಳೆಯುತ್ತಾರೆ. ಶುದ್ಧವಾದ ನೀರಿಗೆ ಬೆಲೆ 1. ಕೊಳೆಯಿಸುವ ಬ್ಯಾಕ್ಟೀರಿಯಗಳಲ್ಲಿ ಬಹುಪಾಲಿನವು 0.91ಕ್ಕಿಂತ ಕೆಳಗೆ ಬೆಳೆಯಲಾರವು. 0.6ಕ್ಕಿಂತ ಕೆಳಗಿಳಿದರೆ ಬೂಷ್ಟು ಕೂಡ ಹಿಡಿಯುವುದಿಲ್ಲ. ಉಪ್ಪೂ ಸಕ್ಕರೆಯೂ ನೀರನ್ನು ತಮ್ಮೊಡನೆ ಬಿಗಿದುಕೊಂಡು ಈ ಅಂಕಿಯನ್ನು ತಗ್ಗಿಸುತ್ತವೆ. ಬಿಸಿಲೂ ಗಾಳಿಯೂ ನೀರನ್ನೇ ಹೊತ್ತುಕೊಂಡು ಹೋಗಿ ತಗ್ಗಿಸುತ್ತವೆ. ನಮ್ಮ ಹಪ್ಪಳ ಸಂಡಿಗೆಗಳಿಗೆ ಏಪ್ರಿಲಿನ ಬಿಸಿಲು ಮಾಡುವ ಉಪಕಾರವನ್ನು ಉತ್ತರದ ಮೀನು ಮಾಂಸಗಳಿಗೆ ತಣ್ಣನೆಯ ಗಾಳಿ ಮಾಡುತ್ತದೆ. ನೀರು ಹೊರಹೋಗುವವರೆಗೆ ಅವು ಕೊಳೆಯದಂತೆ ಚಳಿಯೇ ಕಾಯುತ್ತದೆ.

ಫೇವಿಕೆನ್ನಿನಲ್ಲಿ ಹಾಲು ಕೊಡುವುದನ್ನು ನಿಲ್ಲಿಸಿದ ಮುದಿಹಸುವಿನ ಮಾಂಸವನ್ನು ತಣ್ಣನೆಯ ಕೋಣೆಯಲ್ಲಿ ಅನೇಕ ತಿಂಗಳು ತೂಗುಹಾಕಿ ಬಳಸುತ್ತಿದ್ದರು. ಮೇಲ್ಭಾಗ ಒಣಗಿ ತೊಗಟೆಯಂತಾಗಿ ಒಳಭಾಗವನ್ನು ಕಾಯುತ್ತದೆ. ಒಳಗೆ ಮಾಂಸದ ಸ್ವಂತ ಕಿಣ್ವಗಳು ಪ್ರೋಟೀನಿನ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತವೆ. ಇದರಿಂದ ಎರಡು ಲಾಭಗಳುಂಟು. ಬಿರುಸಾದ ಮಾಂಸ ಮೃದುವಾಗುತ್ತದೆ. ಬಿಡುಗಡೆಯಾದ ಅಮೈನೊ ಆಮ್ಲಗಳಿಂದ ರುಚಿ ಏರುತ್ತದೆ. ಈ ಆಮ್ಲಗಳಲ್ಲೊಂದಾದ ಗ್ಲುಟಾಮಿಕ್ ಆಮ್ಲವನ್ನು ಜಪಾನಿನ ಕಿಕುನೆ ಇಕೆಡಾ 1908ರಲ್ಲಿ ಕಡಲ ಪಾಚಿಯಿಂದ ಬೇರ್ಪಡಿಸಿ, ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಮಾಗಿದ ಟೊಮ್ಯಾಟೊ ಹಣ್ಣಿನ ತುಂಬು ರುಚಿಗೂ ಇದೇ ವಸ್ತು ಬಹುಮಟ್ಟಿಗೆ ಕಾರಣ.

ಬೆಂಕಿಯ ಮುಂದೆ

ಕೂಡಿಟ್ಟುದೇ ಎಲ್ಲವೂ ಅಲ್ಲ. ಊಟದ ಅತಿ ಪ್ರಸಿದ್ಧ ತಿನಿಸು ಆಗಲೇ ಬೇಯಿಸಿದುದು. ಸ್ಕ್ಯಾಲಪ್ ಎಂಬ ಚಿಪ್ಪಿನ ಜೀವಿಯನ್ನು, ಅಂದರೆ ನಮ್ಮ ಕರಾವಳಿಯ ಮರುವಾಯಿಯ ದೂರದ ನಂಟನನ್ನು, ಚಿಪ್ಪಿನೊಡನೆಯೇ ಕೆಂಡದ ಮೇಲಿಟ್ಟು ಬೇಯಿಸಿ, ಹೊಗೆಯಾಡುವ ಜೂನಿಪರ್ ಸೊಪ್ಪಿನೊಂದಿಗೆ ಬಡಿಸುತ್ತಿದ್ದರು. ಕೆಂಡದ ಶಾಖ ನೂರಾರು ಡಿಗ್ರಿ. ಆದರೆ ಚಿಪ್ಪಿನೊಳಗೆ ರಸವಿರುವವರೆಗೆ ಅದರ ಉಷ್ಣತೆ ನೀರು ಕುದಿಯುವ ಮಟ್ಟವನ್ನು ದಾಟದು. ಹೆಚ್ಚಿನ ಶಾಖವೆಲ್ಲ ಆ ರಸವನ್ನು ಆವಿಮಾಡುವುದಕ್ಕೆ ಖರ್ಚಾಗುತ್ತದೆ. ಪ್ರಕೃತಿಯೇ ಕೊಟ್ಟ ಮುಚ್ಚಳದ ಪಾತ್ರೆ ಅದು. ಒಳಗಿನ ಪ್ರೋಟೀನುಗಳು 50 ಡಿಗ್ರಿ ದಾಟಿದೊಡನೆ ಗಟ್ಟಿಯಾಗತೊಡಗುವುದರಿಂದ ಕೆಲವೇ ನಿಮಿಷ ಸಾಕು. ತಡಮಾಡಿದರೆ ರಬ್ಬರಿನಂತಾಗುತ್ತದೆ. ಅತಿಥಿಗಳೆಲ್ಲರೂ ಒಂದೇ ಹೊತ್ತಿಗೆ ಕುಳಿತು ಉಣ್ಣಬೇಕೆಂಬ ಅಲ್ಲಿನ ಕಟ್ಟಳೆಯ ಬೆಲೆ ಇಂಥ ತಿನಿಸಿನಲ್ಲಿ ಚೆನ್ನಾಗಿ ತಿಳಿಯುತ್ತದೆ.

ಚಿಪ್ಪನ್ನು ತೆರೆದಾಗ ಏಳುವ ಆವಿಯೂ ಸೊಪ್ಪಿನ ಹೊಗೆಯೂ ಬರಿಯ ಅಲಂಕಾರಗಳಲ್ಲ. ನಾಲಗೆ ಬಲ್ಲುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಎಂಬ ಕೆಲವನ್ನಷ್ಟೇ. ಉಳಿದ ಸಾವಿರ ಬಗೆಯ ಸೊಗಸುಗಳನ್ನು ಅರಿಯುವುದು ಮೂಗು. ಅಗಿಯುವಾಗ ಆವಿಗಳು ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತವೆ. ನೆಗಡಿಯಾದಾಗ ಊಟ ಸಪ್ಪೆಯೆನಿಸುವುದನ್ನು ನೆನೆದರೆ ಈ ಮಾತಿಗೆ ಬೇರೆ ಸಾಕ್ಷಿ ಬೇಡ.

ಔತಣದ ಹಿಂದಿನ ಹಸಿವು

ಇಷ್ಟಕ್ಕೇ ನಿಲ್ಲಿಸಿದರೆ ಕಥೆಯ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ. ಮಾಳಿಗೆ, ಉಪ್ಪು, ಹೊಗೆ, ಒಣಗಾಳಿ ಇವಾವುವೂ ಔತಣಕ್ಕಾಗಿ ಹುಟ್ಟಿದುವಲ್ಲ. ಸಾವಿನ ಭಯದಿಂದ ಹುಟ್ಟಿದುವು. 1867ರಲ್ಲಿ ಸ್ವೀಡನ್ನಿನ ಉತ್ತರ ಭಾಗದಲ್ಲಿ ವಸಂತ ಬರುವುದೇ ಬಹಳ ತಡವಾಯಿತು. ಬಿತ್ತನೆ ತಪ್ಪಿತು, ಬೆಳೆ ಹಾಳಾಯಿತು. 1869ರವರೆಗೆ ದೇಶ ಬರಗಾಲವನ್ನು ಅನುಭವಿಸಿತು. ಬಡವರು ಪೈನ್ ಮರದ ಒಳತೊಗಟೆಯನ್ನು ಒಣಗಿಸಿ ಬೀಸಿ, ಇದ್ದ ಚೂರುಪಾರು ಹಿಟ್ಟಿಗೆ ಬೆರೆಸಿ ರೊಟ್ಟಿ ಮಾಡಿ ತಿಂದರು; ಕಲ್ಲುಹೂವಿನ ಜಾತಿಯವುಗಳನ್ನೂ ಹಿಟ್ಟಿಗೆ ಸೇರಿಸಿದರು. ಸಹಸ್ರಾರು ಮಂದಿ ನೆಲವನ್ನೇ ತೊರೆದು ಅಮೆರಿಕಕ್ಕೆ ಹಡಗು ಹತ್ತಿದರು. ಅಂಥ ನಾಡಿನಲ್ಲಿ ತುಂಬಿದ ಮಾಳಿಗೆಯೆಂದರೆ ಮುಂದಿನ ವಸಂತವನ್ನು ಕಾಣುವ ಭರವಸೆ. ಭರಣಿಯೊಂದು ಕೊಳೆತರೆ ಮನೆಯಲ್ಲಿ ಒಂದು ಮಗು ಹಸಿದಿರಬೇಕಾಗಿತ್ತು.

ಕಾಲ ಬದಲಾಯಿತು. ಫ್ರಾನ್ಸಿನ ನಿಕೊಲಾಸ್ ಅಪೇರ್ ಆಹಾರವನ್ನು ಸೀಸೆಗಳಲ್ಲಿ ಬಿಗಿದು ಕುದಿಸಿ ಕಾಪಾಡುವ ಕ್ರಮವನ್ನು 1810ರಲ್ಲಿ ಪ್ರಕಟಿಸಿದರು. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಶೈತ್ಯಯಂತ್ರಗಳನ್ನು ನಿರ್ಮಿಸಿದರು. ರೈಲು, ಹಡಗು, ಲಾರಿಗಳು ಬೇಸಗೆಯ ನಾಡುಗಳ ಫಲವನ್ನು ಹಿಮದ ನಾಡಿಗೆ ತಂದುವು. ಮಾಳಿಗೆಯೂ ಭರಣಿಯೂ ಅನಾವಶ್ಯಕವಾದುವು. ಆದರೂ ಅವು ತಂದ ರುಚಿ ಜನರ ನಾಲಗೆಯಿಂದ ಅಳಿಯಲಿಲ್ಲ. ಒಂದು ಕಾಲಕ್ಕೆ ಬಡವನ ಆಸರೆಯಾಗಿದ್ದ ವಿದ್ಯೆ ಸಿರಿವಂತನ ವಿಶೇಷ ದಿನದ ಔತಣವಾಯಿತು. ಉಪ್ಪಿನಕಾಯಿಯನ್ನು ನಾವು ಇಂದು ತಿನ್ನುವುದು ಮಾವು ಸಿಕ್ಕದೆಂಬ ಭಯದಿಂದಲ್ಲ; ಅದಿಲ್ಲದೆ ಮೊಸರನ್ನ ಸೇರದೆಂಬುದರಿಂದ!

ಹಾಗೆಂದು ಈ ವಿದ್ಯೆಯ ಗಂಭೀರ ಪ್ರಯೋಜನ ಮುಗಿದಿಲ್ಲ. ಲೋಕದಲ್ಲಿ ಮನುಷ್ಯನಿಗಾಗಿ ಉತ್ಪನ್ನವಾಗುವ ಆಹಾರದಲ್ಲಿ ಸುಮಾರು ಮೂರನೆಯ ಒಂದು ಭಾಗ, ಅಂದರೆ ವರ್ಷಕ್ಕೆ 130 ಕೋಟಿ ಟನ್ನುಗಳಷ್ಟು, ಹೊಲದಿಂದ ಬಾಯಿಗೆ ಬರುವ ದಾರಿಯಲ್ಲಿ ನಷ್ಟವಾಗುತ್ತದೆ ಅಥವಾ ಪೋಲಾಗುತ್ತದೆಯೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ಅಂದಾಜು ಮಾಡಿತು. ಶೈತ್ಯಾಗಾರಕ್ಕೆ ವಿದ್ಯುತ್ತು ಬೇಕು, ಹಣ ಬೇಕು. ಅವೆರಡೂ ಎಲ್ಲ ಹಳ್ಳಿಗಳಲ್ಲಿ ಸದಾ ಇರುವುದಿಲ್ಲ. ಉಪ್ಪು, ಹುಳಿ, ಬಿಸಿಲು, ತಣ್ಣನೆಯ ಮಣ್ಣು ಎಲ್ಲರಿಗೂ ಎಟಕುವಂಥವು. ಅವು ಹೇಗೆ ಕೆಲಸಮಾಡುತ್ತವೆಂಬುದನ್ನು ಅರಿತು, ಅಳತೆಯಿಟ್ಟು ಬಳಸಿದರೆ, ಕೊಳೆತುಹೋಗುವ ಫಸಲಿನಲ್ಲಿ ಎಷ್ಟನ್ನೋ ಉಳಿಸಿಕೊಳ್ಳಬಹುದು. ಅಜ್ಜಿಯ ಕೈಯಳತೆಗೆ ವಿಜ್ಞಾನದ ಅಂಕಿ ಸೇರಿದರೆ ಎರಡಕ್ಕೂ ಬಲ ಬರುತ್ತದೆ.

ಫೇವಿಕೆನ್ನಿನ ಕಣಜದಲ್ಲಿ ಈಗ ಆ ಔತಣ ನಡೆಯುತ್ತಿಲ್ಲ. ಅಲ್ಲಿಯ ಪಾಠವನ್ನು ಕಲಿಯಲು ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮುಂದಿನ ಹಬ್ಬದ ದಿನ ಎಲೆಯ ಮುಂದೆ ಕುಳಿತಾಗ ಅದರ ತುದಿಯತ್ತ ಒಮ್ಮೆ ನೋಡೋಣ. ಅಲ್ಲಿ ಚಿಟಿಕೆ ಉಪ್ಪಿದೆ, ಮಿಡಿಯ ಉಪ್ಪಿನಕಾಯಿಯಿದೆ, ಕರಿದ ಹಪ್ಪಳವಿದೆ. ಇವುಗಳಲ್ಲಿ ಒಂದೊಂದೂ ಹಸಿವಿನ ಮೇಲೆ ಮನುಷ್ಯ ಪಡೆದ ಒಂದು ಗೆಲುವಿನ ಗುರುತು. ಬಡಿಸುವಾಗ ಉಪ್ಪಿಗೆ ಮೊದಲ ಸ್ಥಾನವೇಕೆಂದು ಯಾರಾದರೂ ಕೇಳಿದರೆ, ಅದಕ್ಕೆ ಸಂಪ್ರದಾಯದ ಉತ್ತರ ಏನೇ ಇರಲಿ, ವಿಜ್ಞಾನದ ಉತ್ತರವೊಂದನ್ನು ಕೊಡಲು ನಾವೀಗ ಸಿದ್ಧರಾಗಿದ್ದೇವೆ.